ಲಾಲ್‌ಬಾಗ್ ರಸ್ತೆಯ ಇಡ್ಲಿಗೆ ಮಿಶೆಲಿನ್ ಸ್ಟಾರ್ ಯಾಕಿಲ್ಲ?

ಎಂಟಿಆರ್‌ನ ರವೆ ಇಡ್ಲಿ ಲಾಲ್‌ಬಾಗ್ ರಸ್ತೆಯಲ್ಲೂ ಸಿಗುತ್ತದೆ, ಸಿಂಗಪುರದ ಸೆರಂಗೂನ್ ರಸ್ತೆಯಲ್ಲೂ ಸಿಗುತ್ತದೆ. ಅದೇ ರವೆ, ಅದೇ ಆಲೂಗಡ್ಡೆ ಸಾಗು, ಅದೇ ತುಪ್ಪ. ಸಿಂಗಪುರದ ಇಡ್ಲಿಯನ್ನು, ಒಳ್ಳೆಯ ಹೋಟೆಲ್‌ಗಳಿಗೆ ಸ್ಟಾರ್ ಕೊಡುವ ಫ್ರಾನ್ಸಿನ ಮಿಶೆಲಿನ್ ಗೈಡ್‌ನ ಇನ್‌ಸ್ಪೆಕ್ಟರ್ ಯಾವತ್ತು ಬೇಕಾದರೂ ತಿಂದು ಅಂಕ ಹಾಕಬಹುದು. ಲಾಲ್‌ಬಾಗ್ ರಸ್ತೆಯ ಇಡ್ಲಿ ಮಾತ್ರ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಸಿಂಗಪುರಕ್ಕೆ 2016ರಿಂದ ಮಿಶೆಲಿನ್ ಗೈಡ್ ಇದೆ. ಬೆಂಗಳೂರಿಗೆ ಇಲ್ಲ. ಬೆಂಗಳೂರೇನು, ಭಾರತದ ಯಾವ ಊರಿಗೂ ಇಲ್ಲ.

ಈ ಮಾತು ಆಗಾಗ ಮೇಲೇಳುತ್ತದೆ. 2025ರಲ್ಲಿ ದುಬೈನ ಟ್ರೆಸಿಂಡ್ ಸ್ಟುಡಿಯೋಗೆ ಮೂರು ಸ್ಟಾರ್ ಬಂತು. ಭಾರತೀಯ ಅಡುಗೆಯ ಹೋಟೆಲ್ ಒಂದಕ್ಕೆ ಮೂರು ಸ್ಟಾರ್ ಸಿಕ್ಕಿದ್ದು ಜಗತ್ತಿನಲ್ಲೇ ಮೊದಲು. ಶೆಫ್ ಹಿಮಾಂಶು ಸೈನಿ ಭಾರತದವರು. ಆಗ ಬೆಂಗಳೂರಿನಲ್ಲೂ ಚರ್ಚೆ ಶುರುವಾಯಿತು. ನಮ್ಮೂರಿನ ಹೋಟೆಲ್‌ಗಳಿಗೆ ಆ ಯೋಗ್ಯತೆ ಇಲ್ಲವೇ ಅಂತ ಒಂದು ಗುಂಪು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ದೋಸೆಗೆ ಫ್ರಾನ್ಸಿನವರ ಸರ್ಟಿಫಿಕೇಟ್ ಯಾಕೆ ಬೇಕು ಅಂತ ಇನ್ನೊಂದು ಗುಂಪು. ಇಬ್ಬರೂ ಒಂದು ವಿಷಯ ಮರೆಯುತ್ತಾರೆ. ಮಿಶೆಲಿನ್ ಒಂದು ಊರಿಗೆ ಬರುವುದಕ್ಕೂ ಆ ಊರಿನ ಅಡುಗೆಯ ರುಚಿಗೂ ಇರುವ ಸಂಬಂಧ ನಾವು ಅಂದುಕೊಂಡಷ್ಟು ನೇರ ಅಲ್ಲ.

ಮಿಶೆಲಿನ್ ಅಂದರೆ ಮೂಲತಃ ಟೈರ್ ಕಂಪನಿ. 1900ರಲ್ಲಿ ಆಂದ್ರೆ ಮತ್ತು ಎದ್ವಾರ್ ಮಿಶೆಲಿನ್ ಎಂಬ ಅಣ್ಣತಮ್ಮಂದಿರು ಕಾರಿದ್ದವರಿಗೆಂದು ಒಂದು ಪುಟ್ಟ ಪುಸ್ತಕ ಮಾಡಿ ಪುಕ್ಕಟೆ ಹಂಚಿದರು. ಆಗ ಇಡೀ ಫ್ರಾನ್ಸಿನಲ್ಲಿ ಕಾರುಗಳೇ ಮೂರು ಸಾವಿರ ಇರಲಿಲ್ಲ. ಪುಸ್ತಕ ಮಾತ್ರ 35,000 ಪ್ರತಿ! ಜನ ಜಾಸ್ತಿ ಓಡಾಡಲಿ, ಟೈರ್ ಬೇಗ ಸವೆಯಲಿ ಎನ್ನುವ ಲೆಕ್ಕ. ಒಂದು ದಿನ ಯಾವುದೋ ಟೈರ್ ಅಂಗಡಿಯಲ್ಲಿ ತಮ್ಮ ಪುಸ್ತಕವನ್ನು ಮೇಜಿನ ಕಾಲಿಗೆ ಒತ್ತು ಕೊಟ್ಟಿದ್ದು ನೋಡಿ ಆಂದ್ರೆಗೆ ಬೇಜಾರಾಯಿತಂತೆ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇರಲ್ಲ ಅಂತ 1920ರಿಂದ ದುಡ್ಡಿಗೆ ಮಾರಲು ಶುರು ಮಾಡಿದರು. 1926ರಲ್ಲಿ ಸ್ಟಾರ್ ಬಂತು. 1931ರಲ್ಲಿ ಒಂದು, ಎರಡು, ಮೂರು ಎಂಬ ಮೆಟ್ಟಿಲುಗಳು ಬಂದವು.

ಆ ಮೆಟ್ಟಿಲುಗಳ ಅರ್ಥ ಇವತ್ತಿಗೂ ಕಾರಿನ ಭಾಷೆಯಲ್ಲೇ ಇದೆ. ಒಂದು ಸ್ಟಾರ್ ಇದ್ದರೆ ದಾರಿಯಲ್ಲಿ ನಿಲ್ಲಿಸಿ ತಿನ್ನಬಹುದು. ಎರಡು ಇದ್ದರೆ ಸುತ್ತು ಹಾಕಿಕೊಂಡಾದರೂ ಹೋಗಬಹುದು. ಮೂರು ಇದ್ದರೆ ಅದಕ್ಕೆಂದೇ ಹೊರಟು ಹೋಗಬೇಕು. ಈ ಲೆಕ್ಕದಲ್ಲಿ, ವೈಟ್‌ಫೀಲ್ಡ್‌ನಿಂದ ಹೊರಟು ಸಿಲ್ಕ್ ಬೋರ್ಡ್ ದಾಟಿ ಗಾಂಧಿ ಬಜಾರಿಗೆ ದೋಸೆ ತಿನ್ನಲು ಬರುವ ಮನುಷ್ಯ ಆಗಲೇ ಮೂರು ಸ್ಟಾರ್ ಕೊಟ್ಟಾಗಿದೆ, ಅಲ್ವಾ?

ಈಗ ದುಡ್ಡಿನ ವಿಷಯಕ್ಕೆ ಬರೋಣ. ಮೊದಲು ಗೈಡ್ ಪುಸ್ತಕ ಮಾರಿ ಬದುಕುತ್ತಿತ್ತು. ಈಗ ಪುಸ್ತಕ ಕೊಳ್ಳುವವರು ಕಡಿಮೆ. ಹಾಗಾಗಿ ಹೊಸ ಊರಿಗೆ ಹೋಗುವಾಗ ಅನೇಕ ಕಡೆ ಅಲ್ಲಿನ ಪ್ರವಾಸೋದ್ಯಮ ಇಲಾಖೆ ಖರ್ಚು ಹೊರುತ್ತದೆ. ಥಾಯ್ಲೆಂಡ್ ಸರ್ಕಾರದ ಪ್ರವಾಸೋದ್ಯಮ ಸಂಸ್ಥೆ 2017ರಿಂದ ಐದು ವರ್ಷಕ್ಕೆ 14.4 ಕೋಟಿ ಬಾತ್ ಒಪ್ಪಂದ ಮಾಡಿಕೊಂಡಿತ್ತು. ಅಮೆರಿಕದ ಕೊಲರಾಡೊದಲ್ಲಿ ಆಗಿದ್ದು ಇನ್ನೂ ಸ್ವಾರಸ್ಯವಾಗಿದೆ. 2023ರಲ್ಲಿ ಅಲ್ಲಿಗೆ ಗೈಡ್ ಬಂದಾಗ ಡೆನ್ವರ್, ಬೌಲ್ಡರ್‌ನಂಥ ಊರುಗಳು ತಮ್ಮ ಪಾಲಿನ ದುಡ್ಡು ಕೊಟ್ಟವು. ಡೆನ್ವರ್ ಮಗ್ಗುಲಲ್ಲೇ ಇರುವ ಅರೋರಾ ಕೊಡಲಿಲ್ಲ. ಆ ವರ್ಷ ಅರೋರಾದ ಹೋಟೆಲ್‌ಗಳು ಎಷ್ಟೇ ಚೆನ್ನಾಗಿ ಅಡುಗೆ ಮಾಡಿದರೂ ಪಟ್ಟಿಯಿಂದ ಹೊರಗೇ ಉಳಿದವು. ಇದನ್ನು ನಮ್ಮೂರಿಗೆ ಹೊಂದಿಸಿ ನೋಡಿ. ಮಲ್ಲೇಶ್ವರ ದುಡ್ಡು ಕೊಟ್ಟಿತು, ಬಸವನಗುಡಿ ಕೊಡಲಿಲ್ಲ ಅಂದುಕೊಳ್ಳಿ. ಸಿಟಿಆರ್‌ನ ಬೆಣ್ಣೆ ಮಸಾಲೆಗೆ ಪರೀಕ್ಷೆ ಇರುತ್ತದೆ, ವಿದ್ಯಾರ್ಥಿ ಭವನದ ದೋಸೆಗೆ ಹಾಲ್ ಟಿಕೆಟ್ಟೇ ಇರಲ್ಲ.

ದುಡ್ಡು ಕೊಟ್ಟರೆ ಸ್ಟಾರ್ ಸಿಗುತ್ತದೆ ಅಂತ ನಾನು ಹೇಳುತ್ತಿಲ್ಲ. ಯಾರಿಗೆ ಎಷ್ಟು ಸ್ಟಾರ್ ಎಂಬುದರಲ್ಲಿ ದುಡ್ಡು ಕೊಟ್ಟವರ ಕೈವಾಡ ಇಲ್ಲ ಎಂದು ಮಿಶೆಲಿನ್ ಹೇಳುತ್ತದೆ. ಇನ್‌ಸ್ಪೆಕ್ಟರ್‌ಗಳು ಹೆಸರು ಹೇಳದೆ ಬರುತ್ತಾರೆ, ಬಿಲ್ ತಾವೇ ಕಟ್ಟುತ್ತಾರೆ. ಅದನ್ನು ನಂಬದಿರಲು ನನ್ನ ಬಳಿ ಕಾರಣವಿಲ್ಲ. ಆದರೆ ಪರೀಕ್ಷೆ ಎಲ್ಲಿ ನಡೆಯಬೇಕು ಎಂಬುದನ್ನು ದುಡ್ಡು ತೀರ್ಮಾನಿಸಬಲ್ಲದು. ಆದ್ದರಿಂದ 'ಬೆಂಗಳೂರಿಗೆ ಮಿಶೆಲಿನ್ ಇಲ್ಲ' ಎಂಬುದನ್ನು 'ಬೆಂಗಳೂರಿಗೆ ಯೋಗ್ಯತೆ ಇಲ್ಲ' ಅಂತ ಓದಬೇಕಿಲ್ಲ. ನಮ್ಮೂರಿನಲ್ಲಿ ಪರೀಕ್ಷೆಯೇ ನಡೆದಿಲ್ಲ, ಅಷ್ಟೇ.

ಹಾಗಾದರೆ ಪರೀಕ್ಷೆ ನಡೆದರೆ?

ಮಿಶೆಲಿನ್ ನೋಡುವುದು ಐದು ಸಂಗತಿ. ಸಾಮಗ್ರಿಯ ಗುಣಮಟ್ಟ. ರುಚಿಗಳ ಹೊಂದಾಣಿಕೆ. ಅಡುಗೆಯ ಕೈಚಳಕ. ಅಡುಗೆಯಲ್ಲಿ ಕಾಣುವ ಶೆಫ್‌ನ ಛಾಪು. ಕೊನೆಯದು, ಇವತ್ತು ಹೇಗಿತ್ತೋ ನಾಳೆಯೂ ಹಾಗೇ ಇರುವುದು. ಸ್ಟಾರ್ ಕೊಡುವಾಗ ಕುರ್ಚಿ ಮೇಜು, ದೀಪ, ಸಮವಸ್ತ್ರ ಯಾವುದೂ ಲೆಕ್ಕಕ್ಕಿಲ್ಲ. ತಟ್ಟೆಯಲ್ಲಿ ಇರುವುದಷ್ಟೇ ಲೆಕ್ಕ. ಇದು ಬರೀ ಬಾಯಿಮಾತಲ್ಲ. ಸಿಂಗಪುರದಲ್ಲಿ ಗೈಡ್ ಬಂದ ಮೊದಲ ವರ್ಷವೇ ಚಾನ್ ಹೊನ್ ಮೆಂಗ್ ಎಂಬವರ ತಿಂಡಿ ಅಂಗಡಿಗೆ ಒಂದು ಸ್ಟಾರ್ ಬಂತು. ಸೋಯಾ ಸಾಸ್ ಕೋಳಿ ಮತ್ತು ಅನ್ನ, ಒಂದು ತಟ್ಟೆಗೆ ಆಗ ಸುಮಾರು ಎರಡು ಸಿಂಗಪುರ ಡಾಲರ್. ಬ್ಯಾಂಕಾಕ್‌ನಲ್ಲಿ ರಸ್ತೆ ಬದಿಯಲ್ಲಿ ಕನ್ನಡಕ ಹಾಕಿಕೊಂಡು ಇದ್ದಿಲ ಒಲೆ ಮುಂದೆ ನಿಂತು ಏಡಿ ಆಮ್ಲೆಟ್ ಮಾಡುವ ಜೇ ಫಾಯ್ ಅವರಿಗೂ ಒಂದು ಸ್ಟಾರ್. ನಿಂತುಕೊಂಡು ತಿನ್ನುವ ನಮ್ಮ ದರ್ಶಿನಿಗಳಿಗೆ ಸ್ಟಾರ್ ಸಿಗಲ್ಲ ಎನ್ನಲು ಯಾವ ನಿಯಮವೂ ಅಡ್ಡ ಬರಲ್ಲ.

ಐದರಲ್ಲಿ ಬೆಂಗಳೂರು ಎದೆಯುಬ್ಬಿಸಿ ನಿಲ್ಲಬಹುದಾದದ್ದು ಕೊನೆಯದು. ಒಂದೇ ಥರ ಮಾಡುವುದು. ಇದು ಎಷ್ಟು ಕಷ್ಟ ಅಂತ ತಿಳಿಯಬೇಕಾದರೆ ಬೆಳಿಗ್ಗೆ ಏಳು ಗಂಟೆಗೆ ಯಾವುದಾದರೂ ಹಳೇ ಹೋಟೆಲ್‌ನ ದೋಸೆ ಕಾವಲಿ ಎದುರು ಹತ್ತು ನಿಮಿಷ ನಿಲ್ಲಬೇಕು. ನಾನು ಸುಮ್ನೆ ನಿಂತು ನೋಡಿದ್ದೇನೆ, ಕಾಫಿ ಆರಿಹೋಗುವಷ್ಟು ಹೊತ್ತು. ಭಟ್ಟರು ಕಾವಲಿಗೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಲ್ಲಿ ಸರ್ರನೆ ಗುಡಿಸುತ್ತಾರೆ. ನೀರು ಚುರ್ ಅನ್ನುವ ಸದ್ದಿನಲ್ಲೇ ಅವರಿಗೆ ಕಾವು ಗೊತ್ತಾಗುತ್ತದೆ. ಜಾಸ್ತಿ ಕಾದಿದ್ದರೆ ಹಿಟ್ಟು ಹರಡುವ ಮೊದಲೇ ಹಿಡಿದುಕೊಳ್ಳುತ್ತದೆ. ಕಮ್ಮಿ ಇದ್ದರೆ ದೋಸೆ ಬಿಳಿಚಿಕೊಳ್ಳುತ್ತದೆ. ಸಾಲಿಗೆ ನಾಲ್ಕರಂತೆ ಮೂರು ಸಾಲು ಹುಯ್ದರು. ಮೊದಲನೆಯದಕ್ಕೆ ತುಪ್ಪ ಬಿಡುವ ಹೊತ್ತಿಗೆ ಹನ್ನೆರಡನೆಯದು ಇನ್ನೂ ಹಸಿ. ಎತ್ತುವಾಗ ಹನ್ನೆರಡೂ ಒಂದೇ ಬಣ್ಣ. ಗಡಿಯಾರ ಇಲ್ಲ, ಅಳತೆ ಇಲ್ಲ. ನಡುವೆ ಒಬ್ಬರು 'ಎರಡು ಪ್ಲೇನ್, ಒಂದು ರೋಸ್ಟ್ ಪಾರ್ಸೆಲ್' ಅಂತ ಕೂಗಿದರೆ ಅದೂ ಆ ಲೆಕ್ಕದಲ್ಲೇ ಸೇರಿಹೋಗುತ್ತದೆ.

ಇನ್ನು ಹಿಟ್ಟು. ಡಿಸೆಂಬರಿನ ಚಳಿಯಲ್ಲಿ ಅದು ಉಬ್ಬಲು ಹಟ ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹುಳಿ ಬಂದಿರುತ್ತದೆ. ರುಬ್ಬುವ ಹೊತ್ತು, ಉಪ್ಪು ಹಾಕುವ ಹೊತ್ತು, ಉದ್ದಿನ ಪ್ರಮಾಣ ಎಲ್ಲವನ್ನೂ ಹವಾಮಾನಕ್ಕೆ ತಕ್ಕಂತೆ ಬದಲಿಸುತ್ತಲೇ ಇರಬೇಕು, ಗಿರಾಕಿಗೆ ಏನೂ ಬದಲಾಗಿಲ್ಲ ಅನ್ನಿಸಲು. ದಿನಕ್ಕೆ ಮೂವತ್ತು ಜನಕ್ಕೆ ಹತ್ತು ಬಗೆ ಬಡಿಸಿ ಒಂದೇ ಮಟ್ಟ ಕಾಪಾಡುವುದು ದೊಡ್ಡದೇ. ದಿನಕ್ಕೆ ನೂರಾರು, ಸಾವಿರಾರು ದೋಸೆ ಹುಯ್ದು, ಅದನ್ನು ಆಟೋ ಓಡಿಸುವವರೂ ಕೊಳ್ಳಬಹುದಾದ ರೇಟಿನಲ್ಲಿ ಕೊಟ್ಟು ಮಟ್ಟ ಕಾಪಾಡುವುದು ಅದಕ್ಕಿಂತ ದೊಡ್ಡದು ಅಂತ ನನ್ನ ಅಭಿಪ್ರಾಯ. ಆದರೆ 'ಎಷ್ಟು ಜನಕ್ಕೆ, ಎಷ್ಟು ಬೇಗ, ಎಷ್ಟು ಕಮ್ಮಿಗೆ' ಎಂಬ ಕಾಲಂ ಸ್ಟಾರ್ ಕೊಡುವವರ ಪಟ್ಟಿಯಲ್ಲಿಲ್ಲ. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ಕೆಫೆ ದರ್ಶಿನಿ ಶುರು ಮಾಡಿದಾಗ ಊರಿಗೆ ಕೊಟ್ಟಿದ್ದೇ ಅದನ್ನು. ಟೋಕನ್ ತಗೋ, ನಿಂತು ತಿನ್ನು, ಜಾಗ ಖಾಲಿ ಮಾಡು. ಈ ಪದ್ಧತಿ ಈಗ ಊರ ತುಂಬ ಇದೆ.

ಎಲ್ಲ ಹೋಟೆಲ್‌ಗಳೂ ಈ ಪರೀಕ್ಷೆ ಪಾಸಾಗುತ್ತವೆ ಅಂತ ಅಲ್ಲ. ನಾನು ಹತ್ತು ವರ್ಷ ತಪ್ಪದೆ ಹೋಗುತ್ತಿದ್ದ ಒಂದು ಹೋಟೆಲ್ ಮೂರನೇ ಬ್ರಾಂಚ್ ತೆರೆದ ವರ್ಷವೇ ಸಾಂಬಾರಿಗೆ ಬೆಲ್ಲ ಜಾಸ್ತಿ ಬೀಳಲು ಶುರುವಾಯಿತು. ಇಡ್ಲಿಗೆ ಸೋಡಾ ಬಂತು. ಚಟ್ನಿಯಲ್ಲಿ ತೆಂಗಿನಕಾಯಿ ಕಮ್ಮಿಯಾಗಿ ಹುರಿಗಡಲೆ ಜಾಸ್ತಿಯಾಯಿತು. ಗಲ್ಲಾದಲ್ಲಿ ಕೂತಿದ್ದ ಯಜಮಾನರಿಗೆ ಹೇಳಿದೆ. 'ಕಾಯಿ ರೇಟ್ ನೋಡಿದೀರಾ ಸಾರ್?' ಅಂದರು. ನೋಡಿದ್ದೆ. ಅವರ ಕಷ್ಟ ಸುಳ್ಳಲ್ಲ. ಆದರೆ ಇನ್‌ಸ್ಪೆಕ್ಟರ್ ಬಂದು ಕೂತಾಗ ಆ ಕಷ್ಟ ಲೆಕ್ಕಕ್ಕೆ ಬರಲ್ಲ. ಭಾನುವಾರದ ನೂಕುನುಗ್ಗಲಲ್ಲಿ ಒಂದು ದೋಸೆ, ಮಂಗಳವಾರ ಒಂದು ದೋಸೆ ತಿನ್ನಿಸಿದರೆ ಊರಿನ ಹೆಸರುವಾಸಿ ಹೋಟೆಲ್‌ಗಳಲ್ಲೇ ಎಷ್ಟೋ ಜಾರಿ ಬೀಳುತ್ತವೆ.

ಬೆಂಗಳೂರು ತೀರಾ ತಡವರಿಸುವುದು ಶೆಫ್‌ನ ಛಾಪು ಎಂಬ ಕಡೆ. ಸ್ಟಾರ್ ಸಿಗುವುದು ಹೋಟೆಲ್‌ಗೇ ಆದರೂ ಅಡುಗೆಯಲ್ಲಿ ಒಬ್ಬ ಮನುಷ್ಯನ ಗುರುತು ಕಾಣಬೇಕು ಅಂತ ಮಿಶೆಲಿನ್ ಬಯಸುತ್ತದೆ. ನಮ್ಮ ಉಡುಪಿ ಹೋಟೆಲ್ ಪದ್ಧತಿ ಇದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ಭಟ್ಟರು ಬದಲಾದದ್ದು ಗಿರಾಕಿಗೆ ಗೊತ್ತಾಗಬಾರದು. ಗೊತ್ತಾದರೆ ಅದು ಸೋಲು. ಎಂಟಿಆರ್ ಅಂದರೆ 1924ರಲ್ಲಿ ಅದನ್ನು ಶುರು ಮಾಡಿದ ಪರಂಪಳ್ಳಿಯ ಮಯ್ಯರ ಮನೆತನ ಎಲ್ಲರಿಗೂ ಗೊತ್ತು. ಇವತ್ತು ಅಲ್ಲಿ ರವೆ ಇಡ್ಲಿ ಬೇಯಿಸುವವರ ಹೆಸರು ಯಾರಿಗೆ ಗೊತ್ತು? ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ. ಹೆಚ್ಚುಕಮ್ಮಿ ಅಷ್ಟೇ. ಸಾಂಬಾರ್ ಕೇಳಿದರೂ ಇಲ್ಲ, ಚಟ್ನಿ ಮಾತ್ರ. ಛಾಪು ಅಂದರೆ ಇದಕ್ಕಿಂತ ಗಟ್ಟಿಯಾದದ್ದು ಇನ್ನೇನು ಬೇಕು? ಆದರೆ ಅದು ಮನೆತನದ್ದು, ಅಂಗಡಿಯದ್ದು, ಒಬ್ಬರದ್ದಲ್ಲ. ಇದನ್ನು ನೋಡಲು ಇನ್‌ಸ್ಪೆಕ್ಟರ್ ಕಣ್ಣು ಸ್ವಲ್ಪ ಬೇರೆ ಕಡೆ ತಿರುಗಬೇಕಾಗುತ್ತದೆ.

ಬೇರೆ ಕಡೆ ತಿರುಗುವ ಮಾತು ಬಂದಾಗ ನನಗೆ ನೆನಪಾಗುವುದು ಮಿಲಿಟರಿ ಹೋಟೆಲ್. ದೋಸೆ ಇಡ್ಲಿ ಹೇಗೋ ಜಗತ್ತಿಗೆ ಗೊತ್ತಾಗಿದೆ. ರಾಗಿ ಮುದ್ದೆಯನ್ನು ಯಾರು ಅಳೆಯುತ್ತಾರೆ? ಮುದ್ದೆ ಅಗಿಯುವುದಲ್ಲ, ನುಂಗುವುದು. ಸಣ್ಣ ತುತ್ತು ಮುರಿದು, ಬೆರಳಲ್ಲೇ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ತಾಗದಂತೆ ಒಳಗೆ ಬಿಡಬೇಕು. ಗಂಟಿಲ್ಲದೆ, ಕೈಗೆ ಅಂಟದೆ, ಗಂಟಲಲ್ಲಿ ಜಾರಿದರೆ ಅದು ಒಳ್ಳೆಯ ಮುದ್ದೆ. ಗೊತ್ತಿಲ್ಲದವರು ಅಗಿದರೆ ಹಲ್ಲಿಗೆ ಮೆತ್ತಿಕೊಂಡು 'ಇದೇನಿದು, ರುಚಿಯೇ ಇಲ್ಲ' ಅನ್ನುತ್ತಾರೆ. ಅಂಥವರು ಕಾಲ್ ಸೂಪಿಗೂ ಬೋಟಿಗೂ ಅಂಕ ಹಾಕಲು ಕೂತರೆ ಏನಾಗಬಹುದು?

ಟೋಕಿಯೊದಲ್ಲಿ ಇದೇ ಥರದ ಜಗಳ ನಡೆದಿತ್ತು. 2007ರ ಕೊನೆಗೆ ಏಷ್ಯಾದ ಮೊದಲ ಮಿಶೆಲಿನ್ ಗೈಡ್ ಅಲ್ಲಿ ಬಂದಾಗ 150 ಹೋಟೆಲ್‌ಗಳಿಗೆ ಒಟ್ಟು 191 ಸ್ಟಾರ್ ಸುರಿಯಿತು. ಜಪಾನೀಯರೆಲ್ಲ ಖುಷಿಪಡಲಿಲ್ಲ. ನಮ್ಮ ಸುಶಿ ಬಗ್ಗೆ ಹೇಳಲು ಹೊರಗಿನವರು ಯಾರು ಎಂದು ಅಲ್ಲಿನ ಕೆಲವು ಶೆಫ್‌ಗಳೂ ವಿಮರ್ಶಕರೂ ಕೇಳಿದರು. ಆದರೆ ಅಲ್ಲಿ ಕಡೇಪಕ್ಷ ಒಬ್ಬ ಮಾಸ್ಟರ್ ಮುಂದೆ ಕೂತು ಒಂದೊಂದೇ ತುಣುಕು ತಿನ್ನುವ ಪದ್ಧತಿ ಇತ್ತು. ಮಿಶೆಲಿನ್ ಕಣ್ಣಿಗೆ ಅದು ಸುಲಭವಾಗಿ ಕಂಡಿತು. ಬೆಳಿಗ್ಗೆ ದೊನ್ನೆಯಲ್ಲಿ ಕೊಡುವ ಜೀರಿಗೆ ಸಾಂಬ ಅಕ್ಕಿಯ ಬಿರಿಯಾನಿ, ಮಧ್ಯಾಹ್ನಕ್ಕೆ ಖಾಲಿಯಾಗುವ ಚಾಪ್ಸ್, ಇವನ್ನು ನೋಡಲು ಬೇರೆ ಹೊತ್ತಿಗೆ ಏಳಬೇಕು.

ಬೆಲೆ ಜಾಸ್ತಿ ಇರುವ, ಮೊದಲೇ ಟೇಬಲ್ ಬುಕ್ ಮಾಡಬೇಕಾದ ಹೋಟೆಲ್‌ಗಳ ಕಥೆ ಏನು? ನಮ್ಮ ಭಾಷೆಯಲ್ಲಿ 'ಹೋಟೆಲ್' ಅಂದರೆ ತಿಂಡಿ ತಿನ್ನುವ ಜಾಗ. ಏಸಿ ಹಾಕಿದರೆ 'ರೆಸ್ಟೋರೆಂಟ್'. ಆ ಎರಡನೇ ಜಾತಿಯಲ್ಲಿ ಬೆಂಗಳೂರಿನ ಕೈ ಖಾಲಿ ಇಲ್ಲ. ರೆಸಿಡೆನ್ಸಿ ರಸ್ತೆಯಲ್ಲಿ ತಾಜ್ ಸಮೂಹದ ಹೋಟೆಲ್‌ನಲ್ಲಿ 1990ರಿಂದ ಇರುವ 'ಕರಾವಳಿ' ರೆಸ್ಟೋರೆಂಟನ್ನೇ ನೋಡಿ. ಮಂಗಳೂರು, ಕೊಡಗು, ಗೋವಾ, ಕೇರಳದ ಮನೆ ಅಡುಗೆಗಳನ್ನು ದೊಡ್ಡ ಹೋಟೆಲ್‌ನ ಮೇಜಿಗೆ ತಂದ ಜಾಗ ಅದು. ಕೊಡಗಿನ ನರೇನ್ ತಿಮ್ಮಯ್ಯ ಅದನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದಿದ್ದಾರೆ. ಅವರಿಗಿಂತ ಮೊದಲು ಅಲ್ಲಿದ್ದ ಶ್ರೀರಾಮ್ ಐಲೂರು ಲಂಡನ್ನಿಗೆ ಹೋಗಿ ಕ್ವಿಲಾನ್ ಎಂಬ ರೆಸ್ಟೋರೆಂಟ್ ಕಟ್ಟಿದರು. ಅಲ್ಲೂ ಇದೇ ಪಶ್ಚಿಮ ಕರಾವಳಿಯ ಅಡುಗೆ. 2008ರಲ್ಲಿ ಅದಕ್ಕೆ ಮಿಶೆಲಿನ್ ಸ್ಟಾರ್ ಬಂತು. ರೆಸಿಡೆನ್ಸಿ ರಸ್ತೆಯ ಅಡುಗೆಮನೆಯಲ್ಲಿ ಪಳಗಿದ ಕೈಗೆ ಲಂಡನ್ನಿನಲ್ಲಿ ಸ್ಟಾರ್. ಕೈ ಇಲ್ಲೇ ಇದ್ದಿದ್ದರೆ ಸ್ಟಾರಿನ ಪ್ರಶ್ನೆಯೇ ಇರುತ್ತಿರಲಿಲ್ಲ.

ಹೊಸಬರಲ್ಲಿ ಫಾರ್ಮ್‌ಲೋರ್ ಇದೆ. ಊರಿನ ಉತ್ತರಕ್ಕೆ, ತೋಟದ ನಡುವೆ, ಕಟ್ಟಿಗೆ ಒಲೆಯ ಅಡುಗೆ, ಕಡಿಮೆ ಆಸನ. 2025ರಲ್ಲಿ ಏಷ್ಯಾದ ಒಳ್ಳೆಯ ರೆಸ್ಟೋರೆಂಟ್‌ಗಳನ್ನು ಆರಿಸುವ 'ಏಷ್ಯಾಸ್ 50 ಬೆಸ್ಟ್'ನ ಮುಂದುವರಿದ ಪಟ್ಟಿಯಲ್ಲಿ, 51ರಿಂದ 100ರ ಸಾಲಿನಲ್ಲಿ, ಅದರ ಹೆಸರಿತ್ತು. ಆದರೂ ನೇರವಾಗಿ ಹೇಳುವುದಾದರೆ ಈ ಸಾಲಿನಲ್ಲಿ ಬೆಂಗಳೂರು ಮುಂಬೈ, ದೆಹಲಿಗಿಂತ ಒಂದು ಹೆಜ್ಜೆ ಹಿಂದೆ ಇದೆ. ನಾಳೆಯೇ ಗೈಡ್ ಭಾರತಕ್ಕೆ ಬಂದರೆ ದುಬಾರಿ ಊಟದ ಸ್ಟಾರ್‌ಗಳು ಆ ಎರಡು ಊರುಗಳಿಗೇ ಜಾಸ್ತಿ ಹೋಗುತ್ತವೆ. ನಮ್ಮಲ್ಲಿ ದುಡ್ಡಿರುವ ಗಿರಾಕಿಗಳು ಇದ್ದಾರೆ. ಆದರೆ ಶನಿವಾರ ರಾತ್ರಿ ಅವರು ಹುಡುಕುವುದು ಬಿಯರ್ ಚೆನ್ನಾಗಿರುವ ಜಾಗವನ್ನು.

ಬೆಂಗಳೂರಿಗೆ ಸರಿಹೊಂದುವುದು ಮಿಶೆಲಿನ್‌ನ ಇನ್ನೊಂದು ಗುರುತು. ಬಿಬ್ ಗುರ್ಮಾಂಡ್ ಅಂತ. ಟೈರ್ ಕಂಪನಿಯ ಜಾಹೀರಾತಿನ ಆ ದಪ್ಪ ಬೊಂಬೆ ನಾಲಿಗೆ ಚಪ್ಪರಿಸುವ ಚಿತ್ರ. ಕೈಗೆಟುಕುವ ಬೆಲೆಗೆ ಒಳ್ಳೆಯ ಊಟ ಕೊಡುವ ಜಾಗಗಳಿಗೆ 1997ರಿಂದ ಈ ಹೆಸರಲ್ಲಿ ಕೊಡುತ್ತಿದ್ದಾರೆ. ವಿಯೆಟ್ನಾಂಗೆ 2023ರಲ್ಲಿ ಗೈಡ್ ಬಂದಾಗ ಹನೋಯಿಯ ಫೋ ಎಂಬ ನೂಡಲ್ ಸೂಪಿನ ಅಂಗಡಿಗಳಿಗೆ ಸಿಕ್ಕಿದ್ದು ಇದೇ. ಈ ಪಟ್ಟಿ ಬೆಂಗಳೂರಿಗೆ ಬಂದರೆ ತುಂಬಾ ಉದ್ದ ಇರುತ್ತದೆ. ಅದರಲ್ಲಿ ದೋಸೆಗೆ, ಮುದ್ದೆಗೆ, ರೆಸಿಡೆನ್ಸಿ ರಸ್ತೆಯ ನಾಗಾರ್ಜುನದ ಬಾಳೆಲೆ ಊಟಕ್ಕೆ ಎಲ್ಲಕ್ಕೂ ಜಾಗ ಇದೆ.

ಬರಬೇಕೇ ಎಂಬುದು ಬೇರೆ ಪ್ರಶ್ನೆ. ಸಿಂಗಪುರದ ಚಾನ್ ಹೊನ್ ಮೆಂಗ್ ಸ್ಟಾರ್ ಬಂದ ಮೇಲೆ ಹೆಸರನ್ನು ಬ್ರ್ಯಾಂಡ್ ಮಾಡಿದರು, ಬೇರೆ ದೇಶಗಳಲ್ಲೂ ಅಂಗಡಿ ತೆರೆದರು. 2021ರಲ್ಲಿ ಸ್ಟಾರ್ ಹೋಯಿತು. ಫ್ರಾನ್ಸಿನ ಸೆಬಾಸ್ತಿಯನ್ ಬ್ರಾಸ್ ಅವರಂತೂ 2017ರಲ್ಲಿ ತಮ್ಮ ಮೂರು ಸ್ಟಾರ್‌ಗಳನ್ನೇ ಬೇಡವೆಂದರು. ಪ್ರತಿ ತಟ್ಟೆಯೂ ಪರೀಕ್ಷೆ ಆಗಿಬಿಟ್ಟಿದೆ, ಈ ಒತ್ತಡ ಸಾಕು ಎಂದರು. ಒಂದು ವರ್ಷ ಅವರನ್ನು ಬಿಟ್ಟ ಗೈಡ್, 2019ರಲ್ಲಿ ಕೇಳದೆಯೇ ಎರಡು ಸ್ಟಾರ್ ಕೊಟ್ಟು ಮತ್ತೆ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಇದಕ್ಕೆ ಬಾಡಿಗೆಯ ಕಾಟವೂ ಸೇರುತ್ತದೆ. ಸ್ಟಾರ್ ಬಂದ ಹೋಟೆಲ್‌ನ ಕಟ್ಟಡದ ಮಾಲೀಕರು ಮೊದಲು ಓದುವುದು ಆ ಸುದ್ದಿಯನ್ನೇ.

ಬೆಂಗಳೂರಿನ ಹೋಟೆಲ್‌ನವರು ಹೊರಗಿನ ಒತ್ತಡಕ್ಕೆ ಹೊಸಬರೇನಲ್ಲ. ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪ್ ಸುತ್ತಿ ಬಂದರು. ಅಲ್ಲಿನ ಅಡುಗೆಮನೆಗಳ ಚೊಕ್ಕತನ ನೋಡಿ ಬಂದು, ಇಲ್ಲಿ ಲೋಟ ತಟ್ಟೆಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಪದ್ಧತಿ ತಂದರು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆಗೆ ಮಿತಿ ಹಾಕಿದಾಗ ಎಂಟಿಆರ್ ತುಪ್ಪ ಕಮ್ಮಿ ಮಾಡಲಿಲ್ಲ. ದಿನಾ ಎಷ್ಟು ನಷ್ಟವಾಯಿತು ಎಂದು ಬೋರ್ಡ್ ಬರೆದು ಹೊರಗೆ ಇಟ್ಟಿತು. ಮಿಶೆಲಿನ್‌ನ ಐದು ಅಳತೆಗಳಲ್ಲಿ ಈ ಬೋರ್ಡನ್ನು ಎಲ್ಲಿ ಸೇರಿಸುತ್ತಾರೋ, ನನಗಂತೂ ಹೊಳೆಯುತ್ತಿಲ್ಲ.

ಒಂದು ವೇಳೆ ಪ್ರವಾಸೋದ್ಯಮ ಇಲಾಖೆ ದುಡ್ಡು ಕೊಟ್ಟು ಕರೆಸಿತು, ಇನ್‌ಸ್ಪೆಕ್ಟರ್ ಹೆಸರು ಹೇಳದೆ ಬಂದಿಳಿದರು ಅಂದುಕೊಳ್ಳೋಣ. ಬೆಳಿಗ್ಗೆ ಬೇಗ ಏಳಲಿ. ಮುದ್ದೆಯನ್ನು ಅಗಿಯದಿರಲಿ. ಬ್ರಾಹ್ಮಿನ್ಸ್‌ನಲ್ಲಿ ಸಾಂಬಾರ್ ಕೇಳದಿರಲಿ. ಮತ್ತೆ, ಗಾಂಧಿ ಬಜಾರಿಗೆ ಶುಕ್ರವಾರ ಹೋಗುವುದು ಬೇಡ. ವಿದ್ಯಾರ್ಥಿ ಭವನಕ್ಕೆ ಅವತ್ತು ರಜೆ.